ಮುಖ ಕೆಂಪಾದರೆ ಯಾವ ಮುಲಾಮು? ರೊಸೇಶಿಯಾ ಚಿಕಿತ್ಸೆಗಳನ್ನು ತೂಗಿ ನೋಡುವ ಬಗೆ

ಹೋದ ಏಪ್ರಿಲ್‌ನಲ್ಲಿ ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಔಷಧ ಅಂಗಡಿಗೆ ಒಬ್ಬ ಹೆಣ್ಣುಮಗಳು ಬಂದು, ಕೈಚೀಲದಿಂದ ಒಂದು ಟ್ಯೂಬು ತೆಗೆದು ಕೌಂಟರಿನ ಮೇಲಿಟ್ಟರು. ಬುಡದಿಂದ ಚಾಪೆಯಂತೆ ಸುತ್ತಿ ಸುತ್ತಿ, ಕೊನೆಯ ತೊಟ್ಟಿನವರೆಗೂ ಹಿಂಡಿದ ಟ್ಯೂಬು. ಹೆಸರಿನ ಅರ್ಧ ಅಕ್ಷರಗಳು ಉಜ್ಜಿಹೋಗಿದ್ದವು.

"ಅಣ್ಣಾ, ಇದನ್ನೇ ಕೊಡಿ. ಎರಡು ದಿನ ಹಚ್ಚದಿದ್ದರೆ ಮುಖಕ್ಕೆ ಬೆಂಕಿ ಬಿದ್ದಂತಾಗುತ್ತದೆ."

ಜೀನ್ಸ್ ಹೊಲಿಯುವ ಘಟಕದಲ್ಲಿ ಅವರದು ಇಸ್ತ್ರಿಯ ಕೆಲಸ. ದಿನವಿಡೀ ಹಬೆಗೆ ಎದುರು ನಿಲ್ಲಬೇಕು. ಎರಡೂ ಕೆನ್ನೆ, ಮೂಗು, ಗದ್ದ ಹಳೆಯ ತಾಮ್ರದ ಚೊಂಬಿನ ಬಣ್ಣಕ್ಕೆ ತಿರುಗಿದ್ದವು. ಮೇಲೆ ಸಾಸಿವೆಯಷ್ಟು ಗುಳ್ಳೆಗಳು. ಎರಡು ವರ್ಷದ ಹಿಂದೆ ಬಂಗಿಗೆಂದು ಯಾರೋ ಹೇಳಿದ ಮುಲಾಮು ಅದು. ಬೆಳಕಿಗೆ ಹಿಡಿದು ಓದಿದರೆ ಸಣ್ಣ ಅಕ್ಷರಗಳಲ್ಲಿ ಮೊಮೆಟಾಸೋನ್ ಇತ್ತು, ಅಂದರೆ ಸ್ಟಿರಾಯ್ಡ್. ಇಂಥ ಟ್ಯೂಬುಗಳನ್ನು ಹಿಂದೆ ಚೀಟಿ ಕೇಳದೆ ಕೊಟ್ಟವರಲ್ಲಿ ನಾನೂ ಒಬ್ಬ. ಮುಖ ಕೆಂಪೇರಿ, ಉರಿದು, ಗುಳ್ಳೆ ಏಳುವ ರೊಸೇಶಿಯಾ ಎಂಬ ಚರ್ಮದ ಕಾಯಿಲೆಯ ಔಷಧಗಳ ಬಗೆಗಿನ ಈ ಬರಹಕ್ಕೆ ಅದೂ ಒಂದು ಕಾರಣ.

ನಾನು ವೈದ್ಯನಲ್ಲ, ಔಷಧ ಮಾರುವವನು. ಕಾಯಿಲೆ ಯಾವುದೆಂದು ಹೇಳುವುದು ಚರ್ಮರೋಗ ತಜ್ಞರ ಕೆಲಸ. ಆದರೆ ಅವರು ಚೀಟಿ ಬರೆದ ಮೇಲೆ "ಇದು ಒಳ್ಳೆಯದೋ, ಅದು ಒಳ್ಳೆಯದೋ" ಎಂಬ ಪ್ರಶ್ನೆ ಬರುವುದು ನನ್ನ ಕೌಂಟರಿಗೆ. ಅದಕ್ಕೆ ಉತ್ತರ ಹುಡುಕುತ್ತ ಪ್ರಯೋಗಗಳ ವರದಿಗಳನ್ನು ಓದುವ ಅಭ್ಯಾಸವಾಯಿತು. ಓದಿದಷ್ಟೂ ಒಂದು ಮಾತು ಗಟ್ಟಿಯಾಯಿತು: ಯಾವ ಅಂಕಿಯನ್ನು ಕಂಡರೂ ಎರಡು ಪ್ರಶ್ನೆ ಕೇಳಬೇಕು. ಇದನ್ನು ಯಾವ ತೊಂದರೆಯ ಮೇಲೆ ಪರೀಕ್ಷಿಸಿದರು? ಯಾವುದರ ಎದುರು ನಿಲ್ಲಿಸಿ ಪರೀಕ್ಷಿಸಿದರು?

ಎಲ್ಲಕ್ಕೂ ಮೊದಲು ಸ್ಟಿರಾಯ್ಡ್

ಆಯ್ಕೆಯ ಮಾತು ಶುರುವಾಗುವ ಮುಂಚೆ ಈಗ ಹಚ್ಚುತ್ತಿರುವುದು ಏನೆಂದು ನೋಡಿಕೊಳ್ಳಿ. ಸ್ಟಿರಾಯ್ಡ್ ಮುಲಾಮು ಮೊದಲ ವಾರದಲ್ಲಿ ಮಾಯೆಯಂತೆ ಕೆಲಸ ಮಾಡುತ್ತದೆ. ಕೆಂಪು ಇಳಿಯುತ್ತದೆ, ಮುಖ ಬೆಳ್ಳಗೆ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ನರನರವಾಗಿ ರಕ್ತನಾಳ ಎದ್ದು, ರೊಸೇಶಿಯಾದಂತೆಯೇ ಕಾಣುವ ಗುಳ್ಳೆಗಳು ಏಳುತ್ತವೆ. ಬಿಟ್ಟರೆ ಉರಿ, ಹಚ್ಚಿದರೆ ತಂಪು. ಹೀಗಾಗಿ ರೋಗ ತಂದ ಮುಲಾಮೇ ಮದ್ದಿನಂತೆ ತೋರುತ್ತದೆ.

ಇದು ನಮ್ಮ ಓಣಿಯ ಕಥೆ ಮಾತ್ರವಲ್ಲ. ದೇಶದ 12 ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಖದ ಚರ್ಮದ ತೊಂದರೆಯೆಂದು ಬಂದ 2,926 ಜನರಲ್ಲಿ 433 ಮಂದಿ, ಅಂದರೆ ಸುಮಾರು ಏಳರಲ್ಲಿ ಒಬ್ಬರು, ಮುಖಕ್ಕೆ ಸ್ಟಿರಾಯ್ಡ್ ಹಚ್ಚುತ್ತಿದ್ದರು. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಪಟ್ಟಿಗೆ ತಂದಿತು. ಕಾನೂನು ಬಂದರೂ ಅಭ್ಯಾಸ ಹೋಗಿಲ್ಲ ಎನ್ನುವುದಕ್ಕೆ ಆ ಸುತ್ತಿದ ಟ್ಯೂಬೇ ಸಾಕ್ಷಿ.

ಟ್ಯೂಬಿನ ಹಿಂಬದಿಯಲ್ಲಿ ಬೆಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್, ಫ್ಲುವೊಸಿನೊಲೋನ್ ಎಂಬ ಹೆಸರುಗಳಲ್ಲಿ ಒಂದಿದ್ದರೂ ಅದು ಸ್ಟಿರಾಯ್ಡ್. ಬಂಗಿನ ಮುಲಾಮುಗಳಲ್ಲಿ ಇನ್ನೆರಡು ಔಷಧಗಳ ಜೊತೆ ಇದು ಬೆರೆತಿರುತ್ತದೆ. ಹಾಗೆಂದು ಇವತ್ತೇ ಎತ್ತಿ ಎಸೆಯಬೇಡಿ. ಬಹಳ ದಿನ ಹಚ್ಚಿದವರು ಒಮ್ಮೆಗೇ ನಿಲ್ಲಿಸಿದರೆ ಮುಖ ಕೆರಳುತ್ತದೆ. ವೈದ್ಯರು ಹಂತ ಹಂತವಾಗಿ ಇಳಿಸುವುದುಂಟು. ಟ್ಯೂಬನ್ನು ಅವರ ಬಳಿಗೆ ಒಯ್ಯಿರಿ. ಬಳ್ಳಾರಿಯಲ್ಲಿ ಜನ ಇನ್ನೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ರಾಯಚೂರಿನವರಿಗೆ ರಿಮ್ಸ್, ಕೊಪ್ಪಳದವರಿಗೆ ಕಿಮ್ಸ್ ಹತ್ತಿರ.

ಒಂದೇ ಹೆಸರು, ನಾಲ್ಕು ತೊಂದರೆ

ರೊಸೇಶಿಯಾ ಎಂದರೆ ಒಂದೇ ಬಗೆಯ ಮುಖವಲ್ಲ. ಗುಳ್ಳೆಗಳು ಒಂದು, ಸದಾ ಇರುವ ಕೆಂಪು ಎರಡನೆಯದು, ಬಿಸಿಲು, ಖಾರ, ಸಿಟ್ಟು ತಾಗಿದಾಗ ಝಗ್ಗನೆ ಏರಿ ಇಳಿಯುವ ಕಾವು ಮೂರನೆಯದು, ಎಳೆ ಎಳೆಯಾಗಿ ಕಾಣುವ ರಕ್ತನಾಳ ನಾಲ್ಕನೆಯದು. ಕೆಲವರಲ್ಲಿ, ಹೆಚ್ಚಾಗಿ ಗಂಡಸರಲ್ಲಿ, ಮೂಗು ದಪ್ಪವಾಗುತ್ತದೆ. ಅದು ಮುಲಾಮಿಗೆ ಬಗ್ಗುವುದಿಲ್ಲ, ಕೊನೆಗೆ ಶಸ್ತ್ರಕ್ರಿಯೆ ಅಥವಾ ಲೇಸರ್ ಬೇಕಾಗುತ್ತದೆ. ಕಣ್ಣಿಗೂ ಬರುತ್ತದೆ. ನಮ್ಮಲ್ಲಿ ಕಣ್ಣು ಚುಚ್ಚಿದರೆ ಗಣಿಯ ಧೂಳು ಎಂದು ಸುಮ್ಮನಾಗುವುದು ರೂಢಿ. ಮುಖದ ಕೆಂಪಿನ ಜೊತೆಗೆ ರೆಪ್ಪೆಯ ಅಂಚು ಊದಿ, ಕಣ್ಣಿನಲ್ಲಿ ಮರಳು ಬಿದ್ದಂತೆ ಆಗುತ್ತಿದ್ದರೆ ಕಣ್ಣಿನ ವೈದ್ಯರಿಗೂ ತೋರಿಸಿ.

2002ರಲ್ಲಿ ಅಮೆರಿಕದ ತಜ್ಞರು ಇದನ್ನು ನಾಲ್ಕು ಉಪಬಗೆಗಳೆಂದು ವಿಂಗಡಿಸಿದ್ದರು. ಒಬ್ಬರ ಮುಖದಲ್ಲೇ ಮೂರು ಬಗೆ ಕಲೆತಿರುವುದರಿಂದ 2017ರ ಹೊತ್ತಿಗೆ ಆ ಡಬ್ಬಿಗಳನ್ನು ಕೈಬಿಟ್ಟು, ಕಣ್ಣಿಗೆ ಕಾಣುವ ಲಕ್ಷಣವನ್ನೇ ಹಿಡಿದು ಚಿಕಿತ್ಸೆ ಆಯ್ದುಕೊಳ್ಳುವ ಪದ್ಧತಿ ಬಂತು. ನಮ್ಮಂಥ ಮಾರುವವರಿಗೂ ಕೊಳ್ಳುವವರಿಗೂ ಇದು ದೊಡ್ಡ ಉಪಕಾರ. ಗುಳ್ಳೆಯ ಔಷಧ ತಂದು ಕೆಂಪು ಹೋಗಲಿಲ್ಲ ಎಂದು ಬೈಯುವವರನ್ನು ವಾರಕ್ಕೊಬ್ಬರಂತೆ ಕಾಣುತ್ತೇನೆ. ತಪ್ಪು ಔಷಧದ್ದಲ್ಲ.

ಇದು ಬಿಳಿಯರ ರೋಗ, ನಮಗೆಲ್ಲಿಂದ ಬರಬೇಕು ಎನ್ನುವವರೂ ಇದ್ದಾರೆ. ನಮ್ಮ ಕಂದು ಚರ್ಮದಲ್ಲಿ ಕೆಂಪು ಮುಚ್ಚಿಹೋಗುತ್ತದೆ, ರೋಗ ಬರುವುದಿಲ್ಲವೆಂದಲ್ಲ. ಬಣ್ಣಕ್ಕಿಂತ ಉರಿ, ಚುರುಚುರು, ಮುಟ್ಟಿದರೆ ಬಿಸಿ ಎನ್ನುವುದೇ ಇಲ್ಲಿ ಗುರುತು. ಮೊಡವೆಯಲ್ಲಿ ಇರುವ ಕಪ್ಪು ಚುಕ್ಕೆಗಳು ರೊಸೇಶಿಯಾದಲ್ಲಿ ಇರುವುದಿಲ್ಲ.

ಗುಳ್ಳೆಗೆ ಹಚ್ಚುವ ಮೂರು

ಮೆಟ್ರೊನಿಡಜೋಲ್ ಹಳೆಯ ಹುಲಿ. ಅದರ 0.75 ಶೇಕಡಾ ಜೆಲ್‌ಗೆ ಅಮೆರಿಕದಲ್ಲಿ 1988ರಲ್ಲೇ ಒಪ್ಪಿಗೆ ಸಿಕ್ಕಿತು. ಭೇದಿಗೆ ನುಂಗುವ ಅದೇ ಮಾತ್ರೆಯ ಔಷಧ, ಇಲ್ಲಿ ಜೆಲ್ ರೂಪದಲ್ಲಿ. ಮೂರರಲ್ಲಿ ಅಗ್ಗ, ಉರಿ ಕಡಿಮೆ, ದಿನಕ್ಕೆರಡು ಸಲ ಹಚ್ಚಬೇಕು.

ಐವರ್ಮೆಕ್ಟಿನ್ ಹೆಸರು ಕೊಪ್ಪಳ, ರಾಯಚೂರಿನ ಕುರಿಗಾರರಿಗೆ ನಮಗಿಂತ ಚೆನ್ನಾಗಿ ಗೊತ್ತು. ಕುರಿಯ ಹುಳಕ್ಕೆ, ಕಜ್ಜಿಗೆ ಕೊಡುವ ಔಷಧ ಅದು. ಅದರ ಮೂಲವನ್ನು ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಬಂತು. ಮುಖದ ರಂಧ್ರಗಳಲ್ಲಿ ಎಲ್ಲರಿಗೂ ಇರುವ ಡೆಮೊಡೆಕ್ಸ್ ಎಂಬ ಸೂಕ್ಷ್ಮ ನುಸಿ ರೊಸೇಶಿಯಾ ಇರುವವರಲ್ಲಿ ಹೆಚ್ಚಾಗಿರುತ್ತದೆ. ಐವರ್ಮೆಕ್ಟಿನ್ ಅದನ್ನು ಕೊಲ್ಲುತ್ತದೆ, ಉರಿಯೂತವನ್ನೂ ತಗ್ಗಿಸುತ್ತದೆ. ಮುಖಕ್ಕೆ ಬೇಕಾದದ್ದು 1 ಶೇಕಡಾ ಕ್ರೀಮು, ದಿನಕ್ಕೆ ಒಮ್ಮೆ. ಕುರಿಯ ಸೂಜಿಮದ್ದನ್ನು ಹತ್ತಿಯಲ್ಲಿ ಅದ್ದಿ ಹಚ್ಚಿಕೊಂಡರೆ ನಡೆಯುತ್ತದೆಯೇ ಎಂದು ಒಬ್ಬ ಹಿರಿಯರು ಕೇಳಿದ್ದರು. ನಡೆಯುವುದಿಲ್ಲ. ಅದರಲ್ಲಿ ಬೆರೆಸಿದ ದ್ರಾವಣ ಮುಖದ ಚರ್ಮಕ್ಕೆಂದು ಮಾಡಿದ್ದಲ್ಲ.

ಇವೆರಡನ್ನೂ ಎದುರುಬದುರು ನಿಲ್ಲಿಸಿದ ಪ್ರಯೋಗ ಇದೆ, 2015ರದು. 962 ಜನ, 16 ವಾರ. ಮುಖ ಪೂರ್ತಿ ಅಥವಾ ಬಹುತೇಕ ತಿಳಿಯಾದವರು ಐವರ್ಮೆಕ್ಟಿನ್ ಗುಂಪಿನಲ್ಲಿ 84.9 ಶೇಕಡಾ, ಮೆಟ್ರೊನಿಡಜೋಲ್ ಗುಂಪಿನಲ್ಲಿ 75.4 ಶೇಕಡಾ. ಗೆದ್ದದ್ದು ಐವರ್ಮೆಕ್ಟಿನ್, ಸಂಶಯವಿಲ್ಲ. ಆದರೆ ನೂರು ಜನರ ಲೆಕ್ಕದಲ್ಲಿ ನೋಡಿ: ಅಗ್ಗದ ಜೆಲ್‌ನಿಂದಲೇ 75 ಜನ ಸುಧಾರಿಸಿದರು, ದುಬಾರಿ ಕ್ರೀಮಿನಿಂದ ಇನ್ನೊಂದು ಹತ್ತು ಜನ. ಪ್ರಯೋಗಕ್ಕೆ ಹಣ ಹಾಕಿದ್ದು ಕ್ರೀಮು ತಯಾರಿಸುವ ಕಂಪನಿ. ಮುಖ ನೋಡಿ ಅಂಕ ಕೊಟ್ಟವರಿಗೆ ಯಾವ ಔಷಧ ಎಂದು ಗೊತ್ತಿರಲಿಲ್ಲ, ಹಚ್ಚಿಕೊಂಡವರಿಗೆ ಗೊತ್ತಿತ್ತು. ಹೀಗಿರುವಾಗ, ತಿಂಗಳ ಸಂಬಳದಲ್ಲಿ ಎಳೆದಾಡುವವರು ಮೆಟ್ರೊನಿಡಜೋಲ್‌ನಿಂದ ಶುರು ಮಾಡಿದರೆ ಹೊಟ್ಟೆ ಉರಿದುಕೊಳ್ಳಬೇಕಾದದ್ದು ಏನೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಗುಳ್ಳೆ ದಟ್ಟವಾಗಿದ್ದರೆ, ದಿನಕ್ಕೆರಡು ಸಲ ಹಚ್ಚುವ ವ್ಯವಧಾನ ಇಲ್ಲದಿದ್ದರೆ ಐವರ್ಮೆಕ್ಟಿನ್.

ಅದೇ ಪ್ರಯೋಗದ ಮುಂದಿನ ಭಾಗವನ್ನು ಯಾರೂ ಜಾಹೀರಾತಿನಲ್ಲಿ ಹೇಳುವುದಿಲ್ಲ. ತಿಳಿಯಾದವರು ಔಷಧ ನಿಲ್ಲಿಸಿದ ಮೇಲೆ 36 ವಾರ ಕಾದು ನೋಡಿದರು. ಐವರ್ಮೆಕ್ಟಿನ್ ಹಚ್ಚಿದವರಲ್ಲಿ 62.7 ಶೇಕಡಾ, ಮೆಟ್ರೊನಿಡಜೋಲ್‌ನವರಲ್ಲಿ 68.4 ಶೇಕಡಾ ಮಂದಿಗೆ ರೋಗ ಮರುಕಳಿಸಿತ್ತು. ಯಾವುದನ್ನು ಆಯ್ದರೂ ಮೂರರಲ್ಲಿ ಇಬ್ಬರಿಗೆ ಇದು ಹೋಗಿ ಬರುವ ನೆಂಟ. "ಪೂರ್ತಿ ಗುಣ" ಎಂದು ಬರೆದ ಡಬ್ಬಿ ಕಂಡರೆ ಕೆಳಗಿಡಿ.

ಮೂರನೆಯದು ಅಝೆಲಾಯಿಕ್ ಆಮ್ಲ. ಇದರ 15 ಶೇಕಡಾ ಜೆಲ್‌ಗೆ ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ. ಮೊದಲ ವಾರಗಳಲ್ಲಿ ಚುರುಗುಟ್ಟುತ್ತದೆ, ಕೆಲವರು ಅಷ್ಟಕ್ಕೇ ಬಿಟ್ಟುಬಿಡುತ್ತಾರೆ. ಆದರೂ ನಮ್ಮ ಬಣ್ಣದವರಿಗೆ ಇದರಲ್ಲಿ ಒಂದು ಲಾಭವಿದೆ: ಗುಳ್ಳೆ ಹೋದ ಮೇಲೆ ಉಳಿಯುವ ಕಪ್ಪು ಕಲೆಯನ್ನೂ ಇದು ತಿಳಿಗೊಳಿಸುತ್ತದೆ. ಬಸುರಿಯರಿಗೆ ವೈದ್ಯರು ಧೈರ್ಯವಾಗಿ ಬರೆಯುವ ಔಷಧಗಳಲ್ಲಿ ಇದೂ ಒಂದು. ಬಂಗೂ ರೊಸೇಶಿಯಾವೂ ಒಟ್ಟಿಗೆ ಇರುವವರು ವೈದ್ಯರ ಬಳಿ ಇದರ ಹೆಸರೆತ್ತಿ ಕೇಳಬಹುದು.

ಅಂಕಿಯನ್ನು ಓದುವಾಗ

ಇಲ್ಲಿ ಸ್ವಲ್ಪ ನಿಲ್ಲಬೇಕು. ಐವರ್ಮೆಕ್ಟಿನ್ ಮೇಲೆ 2014ರಲ್ಲಿ ಪ್ರಕಟವಾದ ಇನ್ನೆರಡು ಪ್ರಯೋಗಗಳಲ್ಲಿ, 12 ವಾರದ ಕೊನೆಗೆ ತಿಳಿಯಾದವರು 38.4 ಮತ್ತು 40.1 ಶೇಕಡಾ ಮಾತ್ರ. ಮೇಲೆ 85 ಎಂದದ್ದು ಇಲ್ಲಿ 40 ಹೇಗಾಯಿತು? ಕ್ರೀಮು ಅದೇ. ಬದಲಾದದ್ದು ದೇಶ, ಜನ, ವಾರಗಳು. ಜೊತೆಗೆ, ಇಲ್ಲಿ ತಮಗೆ ಸಿಕ್ಕಿದ್ದು ಔಷಧವೋ ಬರೀ ಕ್ರೀಮೋ ಎಂದು ಯಾರಿಗೂ ಗೊತ್ತಿರಲಿಲ್ಲ. ಆದ್ದರಿಂದ ಒಂದು ಪ್ರಯೋಗದ ಅಂಕಿಯನ್ನು ಇನ್ನೊಂದರ ಅಂಕಿಯ ಪಕ್ಕದಲ್ಲಿಟ್ಟು ತೂಗುವುದು ಸಂಡೂರಿನ ತಕ್ಕಡಿಯಲ್ಲಿ ತೂಗಿದ್ದನ್ನು ಸಿರುಗುಪ್ಪದ ತಕ್ಕಡಿಗೆ ಹೋಲಿಸಿದಂತೆ. ಒಂದೇ ಪ್ರಯೋಗದೊಳಗಿನ ಎರಡು ಗುಂಪುಗಳನ್ನು ಮಾತ್ರ ಹೋಲಿಸಿ.

ಅದೇ 2014ರ ಪ್ರಯೋಗಗಳಲ್ಲಿ ಔಷಧವಿಲ್ಲದ ಬರೀ ಕ್ರೀಮು ಹಚ್ಚಿದವರಲ್ಲೂ 11.6 ಮತ್ತು 18.8 ಶೇಕಡಾ ಮಂದಿ ತಿಳಿಯಾದರು. ಕಾಯಿಲೆ ತಾನಾಗಿ ಏರಿಳಿಯುವುದು ಒಂದು ಕಾರಣ. ಒಣಗಿ ಬಿರಿದ ಚರ್ಮಕ್ಕೆ ಪಸೆ ಸಿಕ್ಕಿದ್ದು ಇನ್ನೊಂದಿರಬಹುದು. ಸೋಪನ್ನು ತಿಕ್ಕಿ ತೊಳೆಯುವುದನ್ನು ಬಿಟ್ಟು, ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್ ಹಚ್ಚಿಕೊಳ್ಳಿ ಎಂದು ವೈದ್ಯರು ಹೇಳಿದರೆ "ಔಷಧವನ್ನೇ ಕೊಡಲಿಲ್ಲ" ಎಂದು ಮುಖ ಸಿಂಡರಿಸಬೇಡಿ.

ಹತ್ತಾರು ಪ್ರಯೋಗಗಳನ್ನು ಒಟ್ಟಿಗೆ ಜರಡಿ ಹಿಡಿಯುವ ಕೆಲಸವನ್ನು ಕೊಕ್ರೇನ್ ಎಂಬ ಸಂಸ್ಥೆ ಮಾಡುತ್ತದೆ. ರೊಸೇಶಿಯಾ ಬಗ್ಗೆ 2015ರ ಅದರ ವರದಿ 106 ಪ್ರಯೋಗಗಳನ್ನು, 13,631 ಜನರನ್ನು ಒಳಗೊಂಡಿತ್ತು. ಐವರ್ಮೆಕ್ಟಿನ್, ಅಝೆಲಾಯಿಕ್ ಆಮ್ಲ, ಬ್ರಿಮೊನಿಡಿನ್, ಡಾಕ್ಸಿಸೈಕ್ಲಿನ್, ಐಸೊಟ್ರೆಟಿನಾಯಿನ್ ಇವಕ್ಕೆ (ಕೊನೆಯ ಮೂರರ ಮಾತು ಮುಂದಿದೆ) ಗಟ್ಟಿ ಪುರಾವೆ ಇದೆ ಎಂದಿತು, ಮೆಟ್ರೊನಿಡಜೋಲ್‌ಗೆ ಮಧ್ಯಮ, ಲೇಸರ್‌ಗೆ ದುರ್ಬಲ. ದುರ್ಬಲ ಪುರಾವೆ ಎಂದರೆ ಕೆಲಸ ಮಾಡುವುದಿಲ್ಲ ಎಂದಲ್ಲ, ಸರಿಯಾಗಿ ಪರೀಕ್ಷಿಸಿದವರು ಕಡಿಮೆ ಎಂದು.

ನುಂಗುವ ಮಾತ್ರೆ

ಗುಳ್ಳೆ ಹೆಚ್ಚಿದ್ದರೆ, ಕಣ್ಣಿಗೂ ತಾಗಿದ್ದರೆ ಡಾಕ್ಸಿಸೈಕ್ಲಿನ್ ಬರುತ್ತದೆ. ಇದು ಆಂಟಿಬಯೋಟಿಕ್, ಆದರೆ ಇಲ್ಲಿ ಬೇಕಾದದ್ದು ಉರಿಯೂತ ತಗ್ಗಿಸುವ ಗುಣ ಮಾತ್ರ. ಅದಕ್ಕೇ 2006ರಲ್ಲಿ ಅಮೆರಿಕದಲ್ಲಿ 40 ಮಿಲಿಗ್ರಾಂನ, ನಿಧಾನ ಬಿಡುಗಡೆಯ ಕ್ಯಾಪ್ಸೂಲ್‌ಗೆ ಒಪ್ಪಿಗೆ ಸಿಕ್ಕಿತು. 91 ಜನರ ಒಂದು ಸಣ್ಣ ಪ್ರಯೋಗದಲ್ಲಿ 40 ಮತ್ತು 100 ಮಿಲಿಗ್ರಾಂ ಎರಡೂ ಗುಳ್ಳೆಯನ್ನು ಒಂದೇ ಸಮ ಇಳಿಸಿದವು; ಹೊಟ್ಟೆಯ ತೊಂದರೆ 100ರಲ್ಲಿ ಹೆಚ್ಚು. ನನ್ನ ಕಪಾಟಿನಲ್ಲಿ ಸದಾ ಇರುವುದು 100. ಹೆಚ್ಚು ಮಿಲಿಗ್ರಾಂ ಎಂದರೆ ಹೆಚ್ಚು ಗುಣ ಎಂದು ನಂಬಿದವರಿಗೆ ಈ ಪ್ರಯೋಗವನ್ನು ಹೇಳುತ್ತಿರುತ್ತೇನೆ.

ಕೌಂಟರಿನ ಈಚೆಯಿಂದ ಎರಡು ಎಚ್ಚರಿಕೆ. ಡಾಕ್ಸಿಸೈಕ್ಲಿನ್ ನುಂಗಿದವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಇದು ಸಣ್ಣ ಮಾತಲ್ಲ. ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಇದರ ಜೊತೆಯಲ್ಲೇ ನುಂಗಿದರೆ ಔಷಧ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ, ನಡುವೆ ಕೆಲವು ಗಂಟೆ ಬಿಡಿ. ತುಂಬಾ ನೀರಿನೊಂದಿಗೆ ನುಂಗಿ, ತಕ್ಷಣ ಮಲಗಬೇಡಿ. ಬಸುರಿಯರಿಗೆ ಇದು ಸಲ್ಲದು.

2024ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ 40 ಮಿಲಿಗ್ರಾಂ ಮಿನೊಸೈಕ್ಲಿನ್ ಕ್ಯಾಪ್ಸೂಲ್‌ನ ಸುದ್ದಿ ಈಗ ಓಡಾಡುತ್ತಿದೆ. ಅದರ ಎರಡು ಪ್ರಯೋಗಗಳಲ್ಲಿ ಮೂರು ಗುಂಪು. ಮೊದಲನೆಯದರಲ್ಲಿ 16 ವಾರಕ್ಕೆ ತಿಳಿಯಾದವರು ನೂರಕ್ಕೆ ಮಿನೊಸೈಕ್ಲಿನ್‌ನಿಂದ 65, ಡಾಕ್ಸಿಸೈಕ್ಲಿನ್‌ನಿಂದ 46, ಖಾಲಿ ಕ್ಯಾಪ್ಸೂಲ್‌ನಿಂದ 31. ಎರಡನೆಯದರಲ್ಲಿ ಅದೇ ಕ್ರಮದಲ್ಲಿ 60, 31, 27. ಹೊಸ ಔಷಧ ಎರಡರಲ್ಲೂ ಮುಂದಿದೆ. ಡಾಕ್ಸಿಸೈಕ್ಲಿನ್ ಮಾತ್ರ ಒಂದರಲ್ಲಿ ನೆಟ್ಟಗೆ ನಿಂತು, ಇನ್ನೊಂದರಲ್ಲಿ ಖಾಲಿ ಕ್ಯಾಪ್ಸೂಲ್‌ನ ಪಕ್ಕಕ್ಕೆ ಬಂದು ಕುಳಿತಿದೆ. ಒಂದೇ ವರದಿ ಓದಿ ತೀರ್ಮಾನಕ್ಕೆ ಬರಬಾರದು ಎನ್ನುವುದು ಇಂಥ ಕಡೆಗೇ. ಮಿನೊಸೈಕ್ಲಿನ್ ಬಹುಕಾಲ ನುಂಗಿದರೆ ಚರ್ಮ ನೀಲಿ-ಬೂದು ಬಣ್ಣಕ್ಕೆ ತಿರುಗುವ ಅಪಾಯವೂ ಹಳೆಯ ಅನುಭವದಿಂದ ಗೊತ್ತಿರುವ ಸಂಗತಿ.

ಯಾವುದಕ್ಕೂ ಬಗ್ಗದ ಗುಳ್ಳೆಗೆ ಕಡಿಮೆ ಪ್ರಮಾಣದ ಐಸೊಟ್ರೆಟಿನಾಯಿನ್ ಇದೆ. ಹೊಟ್ಟೆಯಲ್ಲಿರುವ ಮಗುವಿಗೆ ಇದು ಘೋರ ಹಾನಿ ಮಾಡುತ್ತದೆ. ತಜ್ಞರ ಕಣ್ಗಾವಲಿಲ್ಲದೆ ಇದನ್ನು ಕೇಳಲೂಬೇಡಿ, ನಾನು ಕೊಡುವುದೂ ಇಲ್ಲ.

ಕೆಂಪಿಗೆ, ನಾಳಕ್ಕೆ, ಕಾವಿಗೆ

ಸದಾ ಇರುವ ಕೆಂಪಿಗೆ ಬ್ರಿಮೊನಿಡಿನ್ ಜೆಲ್. ಕಣ್ಣಿನ ಒತ್ತಡಕ್ಕೆ ಹಾಕುವ ಹನಿಯಲ್ಲಿರುವುದೂ ಇದೇ ಔಷಧ, ರಕ್ತನಾಳವನ್ನು ಕಿರಿದಾಗಿಸುತ್ತದೆ. ಅರ್ಧ ಗಂಟೆಯಲ್ಲಿ ಕೆಂಪು ಇಳಿಯತೊಡಗಿ, ಹನ್ನೆರಡು ಗಂಟೆಯೊಳಗೆ ಮತ್ತೆ ಮರಳುತ್ತದೆ. ಎರಡು ಪ್ರಯೋಗಗಳಲ್ಲಿ 29ನೆಯ ದಿನ, ಹಚ್ಚಿದ ಮೂರು ಗಂಟೆಗೆ ನೋಡಿದಾಗ ಸ್ಪಷ್ಟ ಸುಧಾರಣೆ ಕಂಡವರು 31.5 ಮತ್ತು 25.4 ಶೇಕಡಾ, ಬರೀ ಜೆಲ್ ಹಚ್ಚಿದವರಲ್ಲಿ 10.9 ಮತ್ತು 9.2. ಕೆಲವರಲ್ಲಿ ಪ್ರಭಾವ ಇಳಿದಾಗ ಮೊದಲಿಗಿಂತ ಹೆಚ್ಚು ಕೆಂಪೇರುತ್ತದೆ. ಮದುವೆಯ ದಿನ ಬೆಳಿಗ್ಗೆ ಮೊದಲ ಸಲ ಹಚ್ಚಿ ನೋಡುವ ಔಷಧ ಇದಲ್ಲ. ಕಟ್ಟಿದ ಮೂಗಿಗೆ ಹಾಕುವ ಆಕ್ಸಿಮೆಟಜೊಲಿನ್‌ನ ಕ್ರೀಮೂ ಇದೇ ಜಾತಿಯದು.

ಎಳೆ ಎಳೆಯಾಗಿ ಎದ್ದ ನಾಳಗಳಿಗೆ ಯಾವ ಮುಲಾಮೂ ಇಲ್ಲ, ಲೇಸರ್‌ನಂಥ ಚಿಕಿತ್ಸೆಯೇ ಬೇಕು. ಕಂದು ಚರ್ಮದಲ್ಲಿ ಸುಟ್ಟ ಕಲೆ ಉಳಿಯುವ ಅಪಾಯ ಹೆಚ್ಚು. ಯಾವ ಯಂತ್ರ, ನಮ್ಮ ಬಣ್ಣದವರಿಗೆ ಎಷ್ಟು ಜನಕ್ಕೆ ಮಾಡಿದ್ದೀರಿ ಎಂದು ಕೇಳಿಯೇ ಮುಖ ಒಡ್ಡಿ. ಝಗ್ಗನೆ ಏರುವ ಕಾವಿಗೆ ಬಿಪಿ ಮಾತ್ರೆಗಳಲ್ಲಿ ಕೆಲವನ್ನು ವೈದ್ಯರು ಬರೆಯುತ್ತಾರೆ, ಪುರಾವೆ ತೆಳು. ಮೈಗ್ರೇನ್‌ಗೆ ಕೊಡುವ ಎರೆನುಮ್ಯಾಬ್ ಎಂಬ ಚುಚ್ಚುಮದ್ದನ್ನು 30 ಜನರ ಮೇಲೆ ನೋಡಿದ್ದಾರೆ. ಎದುರಿಗೆ ಹೋಲಿಸಲು ಇನ್ನೊಂದು ಗುಂಪೇ ಇರಲಿಲ್ಲ. ಅದಕ್ಕಾಗಿ ಈಗಲೇ ಜೇಬಿಗೆ ಕೈ ಹಾಕಬೇಕಾಗಿಲ್ಲ.

ಕಾವಿನ ವಿಷಯದಲ್ಲಿ ನನಗೆ ಇಷ್ಟವಾದ ಪ್ರಯೋಗ 1981ರದು. ಕಾಫಿಯಿಂದ ಮುಖ ಕೆಂಪೇರುತ್ತದೆ ಎಂಬ ನಂಬಿಕೆಯನ್ನು ಪರೀಕ್ಷಿಸಲು ರೋಗಿಗಳಿಗೆ 60 ಡಿಗ್ರಿ ಬಿಸಿಯ ಕಾಫಿ, ಅಷ್ಟೇ ಬಿಸಿಯ ನೀರು, 22 ಡಿಗ್ರಿಯ ತಣ್ಣನೆ ಕಾಫಿ, ಬರೀ ಕೆಫೀನ್ ಕೊಟ್ಟು ನೋಡಿದರು. ಬಿಸಿ ಕಾಫಿಗೂ ಬಿಸಿ ನೀರಿಗೂ ಮುಖ ಕೆಂಪೇರಿತು. ತಣ್ಣನೆ ಕಾಫಿಗೆ, ಕೆಫೀನ್‌ಗೆ ಏರಲಿಲ್ಲ. ಚಹಾ ಬಿಡಬೇಕಾಗಿಲ್ಲ, ಆರಿಸಿ ಕುಡಿದರಾಯಿತು. ಸಂಜೆಯ ಒಗ್ಗರಣೆ-ಮಿರ್ಚಿಯ ಬಗ್ಗೆ ಇಷ್ಟು ಖಚಿತವಾಗಿ ಹೇಳಲಾರೆ. ಕೆಲವರಿಗೆ ಖಾರ ಏರಿಸುತ್ತದೆ, ಕೆಲವರಿಗಿಲ್ಲ. ಒಂದು ತಿಂಗಳು ಕ್ಯಾಲೆಂಡರಿನ ಚೌಕದಲ್ಲಿ ಗುರುತು ಹಾಕಿ ನಿಮ್ಮ ಮುಖವನ್ನೇ ಕೇಳಿ.

ಬಿಸಿಲಿಗೆ ಝಿಂಕ್ ಆಕ್ಸೈಡ್ ಇರುವ, ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಒಳ್ಳೆಯದು. ನಮ್ಮ ಬಣ್ಣದ ಮೇಲೆ ಬೂದಿ ಬಳಿದಂತೆ ಕಾಣುತ್ತದೆ ಎಂಬ ದೂರು ನಿಜ; ಬಣ್ಣ ಬೆರೆಸಿದ್ದು ಸಿಕ್ಕರೆ ಕೊಳ್ಳಿ. ಸೆರಗು, ಟವೆಲು, ಕೊಡೆಗಳ ನೆರಳಿಗೆ ದುಡ್ಡು ಬೇಕಿಲ್ಲ.

ಹೊಸ ಚಿಕಿತ್ಸೆಯ ಪ್ರಯೋಗಕ್ಕೆ ಸೇರಿ ಎಂದು ಯಾರಾದರೂ ಕರೆದರೆ ಅದು ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿಯಲ್ಲಿ, ಅಂದರೆ ಸಿಟಿಆರ್‌ಐನಲ್ಲಿ, ಇದೆಯೇ ಎಂದು ಮೊಬೈಲಿನಲ್ಲೇ ನೋಡಬಹುದು. 2009ರಿಂದ ನೋಂದಣಿ ಕಡ್ಡಾಯ. ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು, ನಡುವೆ ಯಾವಾಗ ಬೇಕಾದರೂ ಬಿಟ್ಟು ಬರಬಹುದು.

ಆ ಹೆಣ್ಣುಮಗಳು ಜೂನ್‌ನಲ್ಲಿ ಚೀಟಿ ಹಿಡಿದು ಮತ್ತೆ ಬಂದರು. ಸ್ಟಿರಾಯ್ಡ್ ಇಳಿಸಿ ನಿಲ್ಲಿಸಿ ಆಗಿತ್ತು. ಮೊದಲ ಮೂರು ವಾರ ಕನ್ನಡಿ ನೋಡಲಿಲ್ಲ ಎಂದರು. ಚೀಟಿಯಲ್ಲಿ ಮೆಟ್ರೊನಿಡಜೋಲ್ ಜೆಲ್, ಸಾದಾ ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಗುಳ್ಳೆ ಅರ್ಧಕ್ಕಿಳಿದಿತ್ತು, ಕೆಂಪು ಹಾಗೇ ಇತ್ತು. ಮಾಲೀಕರನ್ನು ಕೇಳಿ ಇಸ್ತ್ರಿ ಬಿಟ್ಟು ಗುಂಡಿ ಹಾಕುವ ಕಡೆಗೆ ಹೋಗಿದ್ದಾರಂತೆ, ಕೂಲಿ ಸ್ವಲ್ಪ ಕಡಿಮೆ.

"ದೀಪಾವಳಿಯ ಹೊತ್ತಿಗೆ ಕೆಲಸ ಜಾಸ್ತಿ, ಮತ್ತೆ ಇಸ್ತ್ರಿಗೆ ನಿಲ್ಲಬೇಕಾಗುತ್ತದೆ ಅಣ್ಣಾ. ಆಗ ಇದಕ್ಕೆ ಏನು ಮಾಡಲಿ?"

ಹಬೆಗೆ ಎದುರು ನಿಂತವರ ಮೇಲೆ ಮಾಡಿದ ಪ್ರಯೋಗವನ್ನು ನಾನು ಓದಿಲ್ಲ. ಪ್ರಶ್ನೆಯನ್ನು ಅವರ ಚೀಟಿಯ ಹಿಂಬದಿಯಲ್ಲಿ ಬರೆದು, ಮುಂದಿನ ಸಲ ವೈದ್ಯರಿಗೆ ಇದನ್ನೇ ಮೊದಲು ತೋರಿಸಿ ಎಂದೆ.